ಜನಮತದ ಚೀಟಿಗೆ ಪ್ರಶ್ನೆ ಬರೆಯುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಊರುಗಳಲ್ಲಿ ಬೆಳೆಗಾರರ ಸಂಘ, ಹಾಲು ಉತ್ಪಾದಕರ ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪು, ದೇವಸ್ಥಾನ ಸಮಿತಿ, ಬಡಾವಣೆ ನಿವಾಸಿಗಳ ಸಂಘ ಹೀಗೆ ಹಲವು ಕೂಟಗಳಿದ್ದು, ಅವು ಸಾಮಾನ್ಯವಾಗಿ ಕೈ ಎತ್ತಿಸಿ ತೀರ್ಮಾನ ಕೈಗೊಳ್ಳುತ್ತವೆ. ತೋಟದ ಮಾಲೀಕರ ಎದುರು ಕೂಲಿಯವರು, ಮನೆಯ ಹಿರಿಯರ ಎದುರು ಸೊಸೆಯಂದಿರು, ಸಾಲ ಕೊಟ್ಟವರ ಎದುರು ಸಾಲ ಪಡೆದವರು ಮನಸ್ಸಿನಲ್ಲಿದ್ದಂತೆ ಕೈ ಎತ್ತುವುದು ಕಷ್ಟ. ಹಾಗಾಗಿ ಊರನ್ನು ಇಬ್ಭಾಗ ಮಾಡುವಂಥ ವಿಷಯ ಬಂದಾಗ ಚೀಟಿ ಹಾಕಿಸಿ ಗುಪ್ತವಾಗಿ ಅಭಿಪ್ರಾಯ ಪಡೆಯುವುದು ಒಳ್ಳೆಯ ದಾರಿ. ಆದರೆ ಪೆಟ್ಟಿಗೆ, ಮತದಾರರ ಪಟ್ಟಿ, ದಿನಾಂಕ, ಎಣಿಕೆಗೆ ಕೂರುವವರು ಯಾರು ಎಂಬುದನ್ನೆಲ್ಲ ವಾರಗಟ್ಟಲೆ ಚರ್ಚಿಸುವ ಸಮಿತಿಗಳು ಚೀಟಿಯ ಮೇಲಿನ ಪ್ರಶ್ನೆಯನ್ನು ಮಾತ್ರ ಹಿಂದಿನ ಸಂಜೆ ಅವಸರದಲ್ಲಿ ಬರೆದು ಮುಗಿಸುತ್ತವೆ. ಫಲಿತಾಂಶ ಬಂದ ಮೇಲೆ ಹುಟ್ಟುವ ಜಗಳಗಳಲ್ಲಿ ಎಷ್ಟೋ ಆ ಅವಸರದಿಂದಲೇ ಬಂದಿರುತ್ತವೆ. ಪ್ರಶ್ನೆ ಬರೆಯಲು ಕೂರುವವರಿಗಾಗಿ ಈ ಬರಹ. ಸರ್ಕಾರಗಳೇ ಜನರ ಮುಂದೆ ಪ್ರಶ್ನೆಯಿಟ್ಟ ದೇಶಗಳ ಅನುಭವದಿಂದ ನಮ್ಮ ಊರಿನ ಚೀಟಿಗೆ ಸಲ್ಲುವ ಪಾಠಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಭಾರತದ ಸಂವಿಧಾನದಲ್ಲಿ ಜನಮತಗಣನೆಗೆಂದು ಪ್ರತ್ಯೇಕ ವಿಧಿಯಿಲ್ಲ. 1948ರಲ್ಲಿ ಜುನಾಗಢದಲ್ಲಿ, 1967ರಲ್ಲಿ ಗೋವಾದಲ್ಲಿ, 1975ರಲ್ಲಿ ಸಿಕ್ಕಿಂನಲ್ಲಿ ಜನರ ಮತ ಕೇಳಿದ್ದು ಆಯಾ ಸಂದರ್ಭಕ್ಕೆಂದು ಮಾಡಿಕೊಂಡ ವಿಶೇಷ ಏರ್ಪಾಟಿನಿಂದ. ಊರಿನ ಸಂಘವೊಂದು ಚೀಟಿ ಹಾಕಿಸಿದರೆ ಅದರ ಫಲಿತಾಂಶಕ್ಕೆ ಎಷ್ಟು ಬಲವಿದೆ ಎಂಬುದನ್ನು ಆ ಸಂಘದ ಬೈಲಾ ಹೇಳುತ್ತದೆ. ಬೈಲಾದಲ್ಲಿ ಏನೂ ಇಲ್ಲದಿದ್ದರೆ ಆ ಫಲಿತಾಂಶ ಸಮಿತಿಗೆ ದಾರಿ ತೋರಿಸುವ ಸಲಹೆ ಮಾತ್ರ. ಸಲಹೆಯೋ ಕಟ್ಟುಪಾಡೋ ಎಂಬುದನ್ನು ಚೀಟಿಯ ಜೊತೆ ಹಂಚುವ ತಿಳಿವಳಿಕೆ ಪತ್ರದಲ್ಲಿ ಬರೆಯದೆ ಮುಂದಿನ ಹೆಜ್ಜೆ ಇಡಬಾರದು.

ಪ್ರಶ್ನೆಗಿಂತ ಮೊದಲು ಎರಡು ಠರಾವು

ಪ್ರಶ್ನೆಯಿಂದ ಕೆಲಸ ಆರಂಭಿಸಬೇಡಿ. ಒಂದು ಕಡೆ ಗೆದ್ದರೆ ಮಾರನೆಯ ದಿನ ಸಮಿತಿ ಅಂಗೀಕರಿಸಬೇಕಾದ ಠರಾವನ್ನು ಒಂದು ಹಾಳೆಯಲ್ಲಿ, ಇನ್ನೊಂದು ಕಡೆ ಗೆದ್ದರೆ ಅಂಗೀಕರಿಸಬೇಕಾದ ಠರಾವನ್ನು ಇನ್ನೊಂದು ಹಾಳೆಯಲ್ಲಿ ಪೂರ್ತಿಯಾಗಿ ಬರೆಯಿರಿ. ಯಾರು, ಏನನ್ನು, ಯಾವಾಗಿನಿಂದ, ಯಾರ ಹಣದಲ್ಲಿ ಮಾಡುತ್ತಾರೆ ಎಂಬುದು ಎರಡರಲ್ಲೂ ಇರಬೇಕು. ಈ ಕೆಲಸ ಮಾಡಿದವರಿಗೆ ಪ್ರಶ್ನೆ ಬರೆಯುವುದು ಸುಲಭವಾಗುತ್ತದೆ. ಮಾಡದವರು ಬರೆದ ಪ್ರಶ್ನೆ ಎಷ್ಟೇ ಅಂದವಾಗಿದ್ದರೂ ಅದರ ಉತ್ತರದಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ತೋಟಕ್ಕೆ ನುಗ್ಗುವುದು ದಿನನಿತ್ಯದ ಸಂಕಟ. ಅಲ್ಲಿನ ಒಂದು ಬೆಳೆಗಾರರ ಸಂಘ ಊರಿನ ಅಂಚಿಗೆ ಸೋಲಾರ್ ಬೇಲಿ ಹಾಕುವ ಬಗ್ಗೆ ಸದಸ್ಯರ ಮತ ಕೇಳಬೇಕೆಂದು ಹೊರಟಿದೆ ಎಂದುಕೊಳ್ಳಿ. ‘ಬೇಡ’ ಎನ್ನುವವರು ಗೆದ್ದರೆ ಬರೆಯಬೇಕಾದ ಠರಾವಿನ ಹಾಳೆಯನ್ನು ಸಮಿತಿಯ ಮುಂದಿಟ್ಟ ಕೂಡಲೇ ಭಿನ್ನಾಭಿಪ್ರಾಯ ಹೊರಬರುತ್ತದೆ. ಬೇಲಿ ಬೇಡವೆಂದರೆ ಕಂದಕ ತೋಡಿಸಬೇಕೆಂದು ಕೆಲವರ ಮನಸ್ಸಿನಲ್ಲಿರುತ್ತದೆ, ಅರಣ್ಯ ಇಲಾಖೆಗೆ ಮತ್ತೊಂದು ಮನವಿ ಕೊಡಬೇಕೆಂದು ಕೆಲವರಿಗಿರುತ್ತದೆ, ಈಗಿರುವಂತೆಯೇ ಇರಲಿ ಎಂಬುದು ಉಳಿದವರ ಬಯಕೆಯಾಗಿರುತ್ತದೆ. ಮತದಾನಕ್ಕೆ ಮೊದಲು ಸಮಿತಿಯ ಕೋಣೆಯಲ್ಲಿ ಈ ಮಾತು ಬಂದರೆ ಒಳ್ಳೆಯದು. ಎಣಿಕೆಯ ನಂತರ ಬಂದರೆ ಗೆದ್ದವರಲ್ಲೇ ಒಡಕು ಮೂಡುತ್ತದೆ.

ಬ್ರಿಟನ್ನಿನಲ್ಲಿ 2016ರಲ್ಲಿ ನಡೆದದ್ದು ಇದೇ. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೆ, ಬಿಡಬೇಕೆ ಎಂಬ ಆ ಪ್ರಶ್ನೆ ಮಾತಿನ ಮಟ್ಟಿಗೆ ಬಹಳ ಸ್ವಚ್ಛವಾಗಿತ್ತು. ಬಿಡಬೇಕೆಂದವರು ಶೇ 51.9ರಷ್ಟಿದ್ದರು. ಆದರೆ ಬಿಟ್ಟ ಮೇಲೆ ಯುರೋಪಿನೊಂದಿಗೆ ವ್ಯಾಪಾರ ಹೇಗೆ, ಗಡಿ ಹೇಗೆ ಎಂಬುದಕ್ಕೆ ಚೀಟಿಯ ಹಿಂದೆ ಯಾವುದೇ ಸಿದ್ಧ ಠರಾವು ಇರಲಿಲ್ಲವಾದ್ದರಿಂದ, ಆ ದೇಶ ನಿಜವಾಗಿ ಹೊರಬಂದದ್ದು 2020ರ ಜನವರಿ 31ಕ್ಕೆ. ನಡುವಿನ ಮೂರೂವರೆ ವರ್ಷ ‘ಬಿಡುವುದು’ ಎಂದರೆ ಏನು ಎಂಬ ಜಗಳದಲ್ಲೇ ಕಳೆಯಿತು. ಪ್ರಶ್ನೆಯ ವಾಕ್ಯ ಸರಿಯಿದ್ದರೆ ಸಾಲದು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಠರಾವು ಬರೆಯುವಾಗಲೇ ನಿಮ್ಮ ಕೈಯಲ್ಲಿರುವುದೇನು, ಇಲ್ಲದಿರುವುದೇನು ಎಂಬುದೂ ತಿಳಿಯುತ್ತದೆ. ಬಸ್ ನಿಲ್ದಾಣದ ಪಕ್ಕದ ಮದ್ಯದಂಗಡಿಯನ್ನು ಊರಿನ ಸಂಘ ಮುಚ್ಚಲಾರದು. ಪರವಾನಗಿ ಅಬಕಾರಿ ಇಲಾಖೆಯದು. ಆದ್ದರಿಂದ ‘ಅಂಗಡಿ ಮುಚ್ಚಬೇಕೆ?’ ಎಂದು ಚೀಟಿಯಲ್ಲಿ ಕೇಳಿದರೆ, ಗೆದ್ದ ಹೆಣ್ಣುಮಕ್ಕಳು ಮಾರನೆಯ ದಿನ ಅಂಗಡಿ ತೆರೆದದ್ದನ್ನು ಕಂಡು ತಮಗೆ ಮೋಸವಾಯಿತೆಂದೇ ತಿಳಿಯುತ್ತಾರೆ, ಮತ್ತು ಅವರು ಹಾಗೆ ತಿಳಿಯುವುದು ನ್ಯಾಯವೇ. ಸಂಘ ಮಾಡಬಹುದಾದದ್ದು ಅರ್ಜಿ ಕೊಡುವುದು. ಹಾಗಿದ್ದ ಮೇಲೆ ಕೇಳಬೇಕಾದದ್ದೂ ಅರ್ಜಿ ಕೊಡಬೇಕೆ ಎಂದೇ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ

1975ರ ಏಪ್ರಿಲ್ 14ರಂದು ಸಿಕ್ಕಿಂನ ಜನರ ಮುಂದಿಟ್ಟ ನಿರ್ಣಯದಲ್ಲಿ ಚೋಗ್ಯಾಲ್ ಎಂಬ ಅರಸು ಪದವಿಯನ್ನು ರದ್ದುಗೊಳಿಸುವುದು ಮತ್ತು ಸಿಕ್ಕಿಂ ಭಾರತದ ಒಂದು ಘಟಕವಾಗುವುದು ಎರಡೂ ಒಟ್ಟಿಗೆ ಇದ್ದವು. ಪರವಾಗಿ 59,637, ವಿರುದ್ಧವಾಗಿ 1,496 ಮತಗಳು ಬಂದವು. ಅಷ್ಟು ದೊಡ್ಡ ಅಂತರವಿದ್ದಾಗ ಫಲಿತಾಂಶ ಬದಲಾಗುತ್ತಿತ್ತೆಂದು ಹೇಳಲಾಗದು. ಆದರೂ ಅರಸು ಬೇಡ, ಪ್ರತ್ಯೇಕತೆ ಇರಲಿ ಎನ್ನುವವನಿಗೆ ಆ ಚೀಟಿಯಲ್ಲಿ ಗುರುತು ಹಾಕಲು ಜಾಗವಿರಲಿಲ್ಲ. ಎರಡು ವಿಷಯ ಕೂಡಿಸಿದ ಪ್ರಶ್ನೆಯ ದೋಷವೇ ಇದು: ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಎನ್ನುವವರು ಬಾಯಿಲ್ಲದವರಾಗುತ್ತಾರೆ.

ಯುರೋಪಿನ ಸಾಂವಿಧಾನಿಕ ತಜ್ಞರ ವೆನಿಸ್ ಆಯೋಗ 2007ರಲ್ಲಿ ಜನಮತಗಣನೆಗೆ ರೂಪಿಸಿದ ನೀತಿಸಂಹಿತೆಯಲ್ಲಿ ಪ್ರಶ್ನೆ ಸ್ಪಷ್ಟವಾಗಿರಬೇಕು, ದಾರಿ ತಪ್ಪಿಸಬಾರದು, ಉತ್ತರವನ್ನು ಸೂಚಿಸಬಾರದು ಎಂಬುದರ ಜೊತೆಗೆ, ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳನ್ನು ಒಂದೇ ಪ್ರಶ್ನೆಯಲ್ಲಿ ಹೆಣೆಯಬಾರದೆಂದೂ ಹೇಳಿದೆ. ಇದನ್ನು ಓದಿದವರು ಕೂಡಲೇ ಎಲ್ಲವನ್ನೂ ಬಿಡಿಸಿ ನಾಲ್ಕಾರು ಪ್ರಶ್ನೆ ಮಾಡಿಬಿಡುವ ಸಂಭವವಿದೆ. ಅದೂ ತಪ್ಪೇ. ಸೋಲಾರ್ ಬೇಲಿಯ ವಿಷಯಕ್ಕೆ ಬನ್ನಿ. ಬೇಲಿಗೆ ಎಕರೆಗೆ 500 ರೂಪಾಯಿ ವಂತಿಗೆ ಎತ್ತದೆ ಬೇರೆ ಹಣದ ದಾರಿಯಿಲ್ಲವೆಂದು ಇಟ್ಟುಕೊಳ್ಳೋಣ. ‘ಬೇಲಿ ಬೇಕೆ?’ ಎಂದು ಒಂದು, ‘ವಂತಿಗೆ ಕೊಡುತ್ತೀರಾ?’ ಎಂದು ಇನ್ನೊಂದು ಪ್ರಶ್ನೆ ಕೇಳಿದರೆ, ಬೇಲಿ ಬೇಕು, ವಂತಿಗೆ ಬೇಡ ಎಂಬ ಉತ್ತರ ಬಂದು ಸಮಿತಿ ಏನೂ ಮಾಡಲಾಗದೆ ಕೂರಬೇಕಾಗುತ್ತದೆ. ಇಂಥಲ್ಲಿ ಎರಡನ್ನೂ ಕೂಡಿಸಿಯೇ ಕೇಳಬೇಕು, ಮತ್ತು ಮೊತ್ತವನ್ನು ಅಂಕಿಯಲ್ಲಿ ಬರೆಯಬೇಕು.

ಕೂಡಿಸಬೇಕೋ ಬಿಡಿಸಬೇಕೋ ಎಂಬುದಕ್ಕೆ ನಾನು ಅನುಸರಿಸುವ ಪರೀಕ್ಷೆ ಸರಳವಾದದ್ದು. ಒಂದು ಭಾಗ ನಡೆದು ಇನ್ನೊಂದು ನಡೆಯದೆ ಇರಲು ಸಾಧ್ಯವೆ? ಸಾಧ್ಯವಾದರೆ ಅವು ಎರಡು ಪ್ರಶ್ನೆ, ಅಸಾಧ್ಯವಾದರೆ ಒಂದೇ. ಬೇಲಿಯ ಜೊತೆಗೆ ಸಂಘದ ಕಟ್ಟಡಕ್ಕೆ ಸುಣ್ಣಬಣ್ಣವನ್ನೂ ಸೇರಿಸಿ ಒಂದೇ ಗುರುತು ಕೇಳುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಜನ ಬಯಸುವ ಒಂದರ ಬೆನ್ನಿಗೆ ಬಯಸದ ಇನ್ನೊಂದನ್ನು ಅಂಟಿಸುವುದು ಮತದಾರರಿಗೆ ಬಗೆಯುವ ಅನ್ಯಾಯ.

ವಾಕ್ಯ ಕಟ್ಟುವುದು

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಬೇಕು-ಬೇಡಗಳೂ ಅಲ್ಲೇ ಇರುತ್ತವೆ. ಹೀಗಾಗಿ ವಾಕ್ಯ ಉದ್ದವಾದಷ್ಟೂ ಓದುವವರು ಮುಖ್ಯ ಮಾತಿಗಾಗಿ ಕೊನೆಯವರೆಗೆ ಕಾಯಬೇಕು, ಅಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಇದಕ್ಕೆ ಮದ್ದು ಪ್ರಶ್ನೆಯನ್ನು ಎರಡು ವಾಕ್ಯ ಮಾಡುವುದು: ಮೊದಲನೆಯದು ಈಗಿನ ಸ್ಥಿತಿಯನ್ನು ಹೇಳುತ್ತದೆ, ಎರಡನೆಯದು ಕೇಳುತ್ತದೆ. 2011ರ ಮೇ 5ರಂದು ಬ್ರಿಟನ್ನಿನಲ್ಲಿ ಮತದಾನ ಪದ್ಧತಿಯ ಬದಲಾವಣೆ ಕುರಿತು ಜನಮತ ಕೇಳುವಾಗ ಸರ್ಕಾರ ಮೊದಲು ಬರೆದದ್ದು ಒಂದೇ ಉದ್ದನೆಯ ವಾಕ್ಯ. ಅಲ್ಲಿನ ಚುನಾವಣಾ ಆಯೋಗ ಅದನ್ನು ಜನರ ಮುಂದಿಟ್ಟು ಪರೀಕ್ಷಿಸಿ, ಸದ್ಯಕ್ಕೆ ಇಂಥ ಪದ್ಧತಿ ಇದೆ, ಅದರ ಬದಲು ಇಂಥದ್ದು ಬರಬೇಕೆ ಎಂದು ಎರಡಾಗಿ ಒಡೆಯಿತು. ಇಂಗ್ಲಿಷಿಗಿಂತಲೂ ಕನ್ನಡಕ್ಕೆ ಈ ಉಪಾಯ ಹೆಚ್ಚು ಒದಗುತ್ತದೆ.

ಉದ್ದನೆಯ ಪ್ರಶ್ನೆಯ ಅಪಾಯಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯ ನಿದರ್ಶನ. ಕೆನಡಾದ ಮುಂದೆ ಹೊಸ ಆರ್ಥಿಕ ಮತ್ತು ರಾಜಕೀಯ ಸಹಭಾಗಿತ್ವದ ವಿಧ್ಯುಕ್ತ ಪ್ರಸ್ತಾವವನ್ನು ಇಟ್ಟ ನಂತರ, ಕ್ವಿಬೆಕ್‌ನ ಭವಿಷ್ಯ ಕುರಿತ ಮಸೂದೆ ಹಾಗೂ 1995ರ ಜೂನ್ 12ರಂದು ಸಹಿಯಾದ ಒಪ್ಪಂದದ ವ್ಯಾಪ್ತಿಯಲ್ಲಿ ಕ್ವಿಬೆಕ್ ಸಾರ್ವಭೌಮವಾಗುವುದನ್ನು ಒಪ್ಪುತ್ತೀರಾ ಎಂಬುದು 1995ರ ಪ್ರಶ್ನೆಯ ಸಾರ. ಆ ಜೂನ್ ತಿಂಗಳ ಒಪ್ಪಂದ ಆಗಿದ್ದು ಕ್ವಿಬೆಕ್‌ನ ಪಕ್ಷಗಳ ನಾಯಕರ ನಡುವೆ; ಅದರಲ್ಲಿ ಕೆನಡಾ ಸಹಿ ಹಾಕಿರಲಿಲ್ಲ. ಚೀಟಿಯನ್ನು ಮಾತ್ರ ಓದಿದವನಿಗೆ ಅದು ತಿಳಿಯುವಂತಿರಲಿಲ್ಲ. ಶೇ 50.58 ಮಂದಿ ಬೇಡ, ಶೇ 49.42 ಮಂದಿ ಬೇಕು ಎಂದರು. ಅಷ್ಟು ಕೂದಲೆಳೆಯ ಅಂತರದಲ್ಲಿ ಒಂದು ದೇಶ ಉಳಿದ ಮೇಲೆ, ಮುಂದೆ ಇಂಥ ಪ್ರಶ್ನೆ ಬಂದರೆ ಅದು ಸ್ಪಷ್ಟವಾಗಿದೆಯೆ ಎಂದು ಮೊದಲು ತೀರ್ಮಾನಿಸುವ ಹೊಣೆಯನ್ನು 2000ದ ಕಾಯ್ದೆಯೊಂದು ಕೆನಡಾದ ಸಂಸತ್ತಿನ ಕೆಳಮನೆಗೆ ವಹಿಸಿತು. ಚೀಟಿಯ ಹೊರಗಿರುವ ಕಾಗದಪತ್ರವನ್ನು ಪ್ರಶ್ನೆಯೊಳಗೆ ಎಳೆದು ತರಬಾರದೆಂಬುದು ನಮಗಿರುವ ಪಾಠ. ‘ದಿನಾಂಕ ಇಷ್ಟರ ಕಾರ್ಯಕಾರಿ ಸಮಿತಿ ಸಭೆಯ ಮೂರನೇ ಠರಾವಿನಂತೆ’ ಎಂದು ಬರೆದರೆ ಆ ಠರಾವನ್ನು ಓದಿದವರು ಸಮಿತಿಯ ಐದಾರು ಮಂದಿ ಮಾತ್ರ. ‘ಸದರಿ’, ‘ಮೇಲ್ಕಾಣಿಸಿದ’, ‘ತತ್ಸಂಬಂಧ’ ಎಂಬ ಕಚೇರಿ ಮಾತುಗಳನ್ನೂ ಇದೇ ಕಾರಣಕ್ಕೆ ತೆಗೆದುಹಾಕಿ.

ಉತ್ತರವನ್ನು ಸೂಚಿಸುವ ಮಾತುಗಳು ಕನ್ನಡದಲ್ಲಿ ಬಹಳ ಸಣ್ಣವು, ಬರೆಯುವವರ ಕಣ್ಣಿಗೇ ಬೀಳದಷ್ಟು ಸಣ್ಣವು. ‘ಇನ್ನಾದರೂ ಅಂಗಡಿಯನ್ನು ಇಲ್ಲಿಂದ ತೆಗೆಸಬೇಕೆ?’ ಎಂಬಲ್ಲಿ ‘ಇನ್ನಾದರೂ’ ಒಂದೇ ಸಾಕು, ತೀರ್ಪು ಬಂದಾಯಿತು. ‘ತೆಗೆಸಬೇಕಲ್ಲವೆ?’ ಎನ್ನುವುದು ಪ್ರಶ್ನೆಯೇ ಅಲ್ಲ, ಹೂಂಗುಟ್ಟಿಸಿಕೊಳ್ಳುವ ಮಾತು. ‘ಊರಿನ ನೆಮ್ಮದಿಗಾಗಿ’, ‘ಮಕ್ಕಳ ಭವಿಷ್ಯದ ದೃಷ್ಟಿಯಿಂದ’ ಎಂದು ಕಾರಣ ಸೇರಿಸಿದರೆ, ಬೇಡ ಎನ್ನುವವನು ಮಕ್ಕಳ ಭವಿಷ್ಯಕ್ಕೇ ವಿರೋಧಿ ಎಂದಂತಾಗುತ್ತದೆ. ನ್ಯೂಜಿಲೆಂಡಿನಲ್ಲಿ 2009ರಲ್ಲಿ ಕೇಳಿದ ಪ್ರಶ್ನೆಯ ತಾತ್ಪರ್ಯ ಹೀಗಿತ್ತು: ಒಳ್ಳೆಯ ಪಾಲನೆಯ ಭಾಗವಾಗಿ ತಂದೆತಾಯಿ ಮಗುವಿಗೆ ಕೊಡುವ ಒಂದು ಏಟು ಅಪರಾಧವಾಗಬೇಕೆ? ‘ಒಳ್ಳೆಯ’ ಎಂಬ ವಿಶೇಷಣ ಇದ್ದ ಮೇಲೆ ಯಾರು ತಾನೆ ಅಪರಾಧವೆಂದಾರು? ಶೇ 87ಕ್ಕಿಂತ ಹೆಚ್ಚು ಮಂದಿ ಬೇಡವೆಂದರು, ಆದರೆ ಮಗುವಿಗೆ ಹೊಡೆಯುವುದನ್ನು ಅಪರಾಧವೆನ್ನುವ ಆಗಿನ ಕಾನೂನನ್ನು ಸರ್ಕಾರ ಬದಲಿಸಲಿಲ್ಲ. ವಾಲಿದ ಪ್ರಶ್ನೆಯಿಂದ ಗೆದ್ದವರಿಗೂ ಕೊನೆಗೆ ಏನೂ ದಕ್ಕುವುದಿಲ್ಲ, ಏಕೆಂದರೆ ಸೋತವರು ಫಲಿತಾಂಶವನ್ನಲ್ಲ, ಪ್ರಶ್ನೆಯನ್ನೇ ಒಪ್ಪುವುದಿಲ್ಲ.

‘ಒಪ್ಪುತ್ತೀರಾ?’, ‘ಸಮ್ಮತವೆ?’ ಎಂಬ ಕೊನೆಗಳ ಬಗ್ಗೆಯೂ ಎಚ್ಚರವಿರಲಿ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ಒಪ್ಪುತ್ತೀರಾ ಎಂದು ಅಲ್ಲಿನ ಸರ್ಕಾರ 2014ರ ಜನಮತಕ್ಕೆ ಕರಡು ಬರೆದಿತ್ತು. ಚುನಾವಣಾ ಆಯೋಗ ಮತದಾರರೊಡನೆ ಮಾತಾಡಿ ನೋಡಿದಾಗ, ‘ಒಪ್ಪುತ್ತೀರಾ’ ಎಂಬ ಮಾತು ಹೌದು ಎನ್ನುವ ಕಡೆಗೆ ತಳ್ಳುತ್ತದೆ ಎಂದು ಕಂಡುಬಂತು. ಕೊನೆಗೆ ಚೀಟಿಯಲ್ಲಿ ಅಚ್ಚಾದದ್ದು ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ ಎಂಬಷ್ಟೇ. ನಮ್ಮ ಕಡೆ ಇದು ಇನ್ನೂ ಹೆಚ್ಚು ಮುಖ್ಯ. ಹಿರಿಯರು, ಅಧ್ಯಕ್ಷರು ‘ಒಪ್ಪಿಗೆಯಾ?’ ಎಂದು ಕೇಳಿದಾಗ ಒಪ್ಪಿಗೆಯಿಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಬೆಳೆದ ಜನ ನಾವು. ಚೀಟಿ ಗುಪ್ತವಾಗಿದ್ದರೂ ಕೇಳಿದ ಧಾಟಿಯ ಭಾರ ಕೈಯ ಮೇಲೆ ಇರುತ್ತದೆ.

ಇನ್ನು ನಿಷೇಧಾರ್ಥ. ಇಟಲಿಯಲ್ಲಿ ಜನಮತದಿಂದ ಇರುವ ಕಾನೂನನ್ನು ರದ್ದು ಮಾಡಬಹುದು, ಹಾಗಾಗಿ ಅಲ್ಲಿ ಹೌದು ಎಂದರೆ ಕಾನೂನು ಬೇಡ ಎಂದರ್ಥ. 1974ರಲ್ಲಿ ವಿಚ್ಛೇದನದ ಕಾನೂನನ್ನು ರದ್ದು ಮಾಡಬೇಕೆ ಎಂದು ಕೇಳಿದಾಗ, ವಿಚ್ಛೇದನಕ್ಕೆ ಅವಕಾಶ ಇರಲಿ ಎನ್ನುವವರು ‘ಇಲ್ಲ’ಕ್ಕೆ ಮತ ಹಾಕಬೇಕಿತ್ತು. ಶೇ 59ರಷ್ಟು ಜನ ಹಾಗೆಯೇ ಹಾಕಿ ಕಾನೂನು ಉಳಿಸಿಕೊಂಡರು. ತಿಂಗಳುಗಟ್ಟಲೆ ದೇಶಾದ್ಯಂತ ಪ್ರಚಾರ ನಡೆದಲ್ಲಿ ಇಂಥ ತಿರುವನ್ನು ಜನರಿಗೆ ತಿಳಿಹೇಳಲು ಸಮಯವಿರುತ್ತದೆ. ಊರಿನ ಸಂಘಕ್ಕೆ ಅಷ್ಟು ಸಮಯವಿರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ಕಾಫಿ ಕಣದಲ್ಲಿ ಇಂಥದೊಂದು ಕರಡನ್ನು ನಾನು ಓದಿ ಹೇಳಿದ್ದುಂಟು. ‘ಮದ್ಯದಂಗಡಿಯನ್ನು ಮುಂದುವರಿಸದಿರುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೆ? ಹೌದು / ಇಲ್ಲ’ ಎಂದು ಅದರಲ್ಲಿತ್ತು. ಕಾಫಿ ಹರವುತ್ತಿದ್ದ ಹಿರಿಯ ಹೆಂಗಸೊಬ್ಬರು ಕೈಯಲ್ಲಿದ್ದ ಗೋರೆಯನ್ನು ನೆಲಕ್ಕೂರಿ, “ಅಂಗಡಿ ಬ್ಯಾಡ ಅನ್ನೋರು ‘ಇಲ್ಲ’ ಅನ್ನೋದಕ್ಕೆ ಹಾಕ್ಬೇಕಲ್ವಾ ಅಣ್ಣ?” ಎಂದು ಕೇಳಿದರು. ಪಕ್ಕದಲ್ಲಿದ್ದ ಇನ್ನೊಬ್ಬರು, “ಅಲ್ಲ ಕಣಕ್ಕ, ‘ಹೌದು’ ಅಂದ್ರೇ ಬ್ಯಾಡ ಅಂತ” ಎಂದರು. ಇಬ್ಬರಿಗೂ ಬೇಕಿದ್ದದ್ದು ಒಂದೇ, ಅಂಗಡಿ ಹೋಗುವುದು. ಆ ಚೀಟಿ ಪೆಟ್ಟಿಗೆಗೆ ಬಿದ್ದಿದ್ದರೆ ಅವರ ಎರಡು ಮತಗಳು ಒಂದನ್ನೊಂದು ಹೊಡೆದುಹಾಕುತ್ತಿದ್ದವು.

ಉತ್ತರದ ಸಾಲುಗಳು

ಆ ಹೆಂಗಸರ ಗೊಂದಲಕ್ಕೆ ಅರ್ಧ ಕಾರಣ ಪ್ರಶ್ನೆ, ಇನ್ನರ್ಧ ಉತ್ತರ. ಕನ್ನಡದಲ್ಲಿ ಎಲ್ಲ ಪ್ರಶ್ನೆಗೂ ಸಲ್ಲುವ ಒಂದೇ ಜೋಡಿ ಉತ್ತರವಿಲ್ಲ. ‘ಬೇಕೆ?’ ಎಂದರೆ ಬೇಕು, ಬೇಡ, ‘ಇದೆಯೆ?’ ಎಂದರೆ ಇದೆ, ಇಲ್ಲ, ‘ಹೌದೆ?’ ಎಂದರೆ ಹೌದು, ಅಲ್ಲ. ‘ತೆಗೆಸಬೇಕೆ?’ ಎಂದು ಕೇಳಿ ಕೆಳಗೆ ‘ಹೌದು / ಇಲ್ಲ’ ಎಂದು ಅಚ್ಚು ಹಾಕಿಸುವುದು ಬೇರೆ ಭಾಷೆಯ ಚೀಟಿಯ ನಕಲು. ಉತ್ತರವನ್ನು ಪೂರ್ತಿ ವಾಕ್ಯವಾಗಿ ಬರೆಯುವುದೇ ಎಲ್ಲಕ್ಕಿಂತ ಭದ್ರ: ಪ್ರಶ್ನೆಯನ್ನು ಓದದೆ ಉತ್ತರವನ್ನು ಮಾತ್ರ ಓದಿದರೂ ತಾನು ಯಾವುದಕ್ಕೆ ಗುರುತು ಹಾಕುತ್ತಿದ್ದೇನೆಂದು ತಿಳಿಯಬೇಕು. ಬ್ರಿಟನ್ನಿನ 2016ರ ಚೀಟಿಯಲ್ಲೂ ಹೌದು, ಇಲ್ಲಗಳನ್ನು ಬಿಟ್ಟು, ಸದಸ್ಯನಾಗಿ ಉಳಿಯಬೇಕು, ಒಕ್ಕೂಟವನ್ನು ಬಿಡಬೇಕು ಎಂಬ ಪೂರ್ತಿ ಉತ್ತರಗಳನ್ನೇ ಕೊಟ್ಟರು. ಪ್ರಶ್ನೆಯಲ್ಲೂ ಎರಡು ಕಡೆಯನ್ನು ಹೆಸರಿಸಿದರು. ಆ ಮಾದರಿಯಲ್ಲಿ ಮದ್ಯದಂಗಡಿಯ ಚೀಟಿ ಹೀಗಿರಬಹುದು:

ನಮ್ಮ ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಈಗ ಒಂದು ಮದ್ಯದಂಗಡಿ ಇದೆ.
ಅದನ್ನು ಅಲ್ಲಿಂದ ತೆಗೆಸುವಂತೆ ಸಂಘವು ಅಬಕಾರಿ ಇಲಾಖೆಗೆ ಅರ್ಜಿ ಕೊಡಬೇಕೆ, ಕೊಡುವುದು ಬೇಡವೆ?

ಅರ್ಜಿ ಕೊಡಬೇಕು ☐
ಅರ್ಜಿ ಕೊಡುವುದು ಬೇಡ ☐

ಓದು ಬಾರದವರಿಗೆ ಚಿಹ್ನೆ ಬೇಕು, ಮತ್ತು ಈ ವಿಷಯದಲ್ಲಿ ನಮ್ಮ ದೇಶದ ಅನುಭವ ದೊಡ್ಡದು. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೆ ಎಂದು 1967ರ ಜನವರಿ 16ರಂದು ಕೇಳಿದಾಗ ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡು ಎಲೆಗಳ ಚಿಹ್ನೆ ಇತ್ತು. ಎರಡು ಎಲೆಗೆ 1,72,191, ಹೂವಿಗೆ 1,38,170 ಮತ ಬಂದವು. ಹೂವು, ಎಲೆಗಳಿಗೂ ಕೇಳಿದ ವಿಷಯಕ್ಕೂ ಸಂಬಂಧವಿಲ್ಲದ್ದರಿಂದ ಯಾವುದು ಯಾವುದಕ್ಕೆ ಎಂದು ಜನರು ಕಲಿಯಬೇಕಾಯಿತು. ಮಹಾರಾಷ್ಟ್ರದಲ್ಲಿ ಮದ್ಯದಂಗಡಿ ಮುಚ್ಚಿಸಲು ಮಹಿಳೆಯರು ಮತ ಹಾಕುವಾಗ ಬಳಸುವ ಚಿಹ್ನೆಗಳು ಇದಕ್ಕಿಂತ ಮುಂದಕ್ಕೆ ಹೋಗಿವೆ: ಅಂಗಡಿ ಇರಲಿ ಎನ್ನುವವರಿಗೆ ನಿಂತ ಬಾಟಲಿ, ಮುಚ್ಚಲಿ ಎನ್ನುವವರಿಗೆ ಅಡ್ಡ ಮಲಗಿದ ಬಾಟಲಿ. ಮಧ್ಯಪ್ರದೇಶ, ಛತ್ತೀಸಗಢಗಳಲ್ಲಿ ಪುರಸಭೆ ಅಧ್ಯಕ್ಷರನ್ನು ಹಿಂದಕ್ಕೆ ಕರೆಸುವ ಮತದಾನಕ್ಕೆ ಖಾಲಿ ಕುರ್ಚಿ ಮತ್ತು ವ್ಯಕ್ತಿ ಕುಳಿತ ಕುರ್ಚಿ. ಈ ಚಿತ್ರಗಳನ್ನು ನೋಡಿದರೆ ಸಾಕು, ಉತ್ತರ ಏನೆಂದು ತಿಳಿಯುತ್ತದೆ. ನೀವು ಚಿಹ್ನೆ ಆರಿಸುವಾಗಲೂ ಫಲಿತಾಂಶದ ಚಿತ್ರವನ್ನೇ ಆರಿಸಿ. ಬೇಲಿಯ ಪ್ರಶ್ನೆಗೆ ಬೇಲಿಯಿರುವ ತೋಟ, ಬೇಲಿಯಿಲ್ಲದ ತೋಟ ಸಾಕು. ಒಂದರಲ್ಲಿ ತುಳಿದ ಗಿಡ, ಇನ್ನೊಂದರಲ್ಲಿ ಫಸಲು ತುಂಬಿದ ಗಿಡ ಬರೆದರೆ ಅದು ಪ್ರಚಾರವಾಗುತ್ತದೆ. ಚುನಾವಣೆಯಲ್ಲಿ ಯಾವುದಾದರೂ ಪಕ್ಷ ಬಳಸುವ ಚಿಹ್ನೆ ಹತ್ತಿರವೂ ಸುಳಿಯಬಾರದು.

ಎರಡು ಉತ್ತರಗಳ ಅಕ್ಷರದ ಗಾತ್ರ, ಚೌಕದ ಗಾತ್ರ, ನಡುವಿನ ಅಂತರ ಒಂದೇ ಆಗಿರಬೇಕೆಂದು ಹೇಳುವುದೇ ಅನಗತ್ಯ ಎನಿಸಬಹುದು. 1938ರ ಏಪ್ರಿಲ್ 10ರಂದು ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡದ್ದಕ್ಕೆ ನಾಜಿಗಳು ಪಡೆದ ಜನಮತದ ಚೀಟಿಯಲ್ಲಿ ‘ಹೌದು’ ಎಂಬುದಕ್ಕೆ ನಡುವೆ ದೊಡ್ಡ ವೃತ್ತ, ‘ಇಲ್ಲ’ ಎಂಬುದಕ್ಕೆ ಪಕ್ಕದಲ್ಲಿ ಸಣ್ಣ ವೃತ್ತ ಇದ್ದವು. ಕ್ರಮದ ವಿಷಯದಲ್ಲೂ ಅನುಮಾನಕ್ಕೆ ಎಡೆ ಬಿಡಬಾರದು. ಗ್ರೀಸಿನಲ್ಲಿ 2015ರ ಜುಲೈ 5ರಂದು ದೇಶಕ್ಕೆ ಸಾಲ ಕೊಟ್ಟ ಸಂಸ್ಥೆಗಳ ಷರತ್ತು ಒಪ್ಪಬೇಕೆ ಎಂದು ಕೇಳಿದಾಗ ‘ಒಪ್ಪಿಗೆಯಿಲ್ಲ’ ಎಂಬುದನ್ನು ಮೇಲೆ, ‘ಒಪ್ಪಿಗೆಯಿದೆ’ ಎಂಬುದನ್ನು ಕೆಳಗೆ ಹಾಕಿದ್ದರು, ಸರ್ಕಾರ ಬಯಸಿದ್ದು ಮೇಲಿನದನ್ನು. ಯಾವುದು ಮೊದಲು ಎಂಬುದನ್ನು ಎರಡೂ ಕಡೆಯವರ ಎದುರು ಚೀಟಿ ಎತ್ತಿ ನಿರ್ಧರಿಸಿದರೆ ಮಾತು ಮುಗಿಯಿತು.

ಮೂರು ಆಯ್ಕೆ ಇಡಲೇಬೇಕಾದಾಗ ಎರಡು ಸುತ್ತು ಮತದಾನಕ್ಕೆ ಸಿದ್ಧರಾಗಿ. ಆಗಿನ್ನೂ ಕೆನಡಾದ ಭಾಗವಾಗಿರದ ನ್ಯೂಫೌಂಡ್ಲೆಂಡ್‌ನಲ್ಲಿ 1948ರ ಜೂನ್‌ನಲ್ಲಿ ಮೂರು ಆಯ್ಕೆ ಕೊಟ್ಟಾಗ ಸ್ವಂತ ಸರ್ಕಾರಕ್ಕೆ ಶೇ 44.6, ಕೆನಡಾ ಸೇರುವುದಕ್ಕೆ ಶೇ 41.1, ಇದ್ದಂತೆ ಮುಂದುವರಿಯುವುದಕ್ಕೆ ಶೇ 14.3 ಮತ ಬಂದವು. ಕೊನೆಯದನ್ನು ಬಿಟ್ಟು ಜುಲೈನಲ್ಲಿ ಮತ್ತೆ ಕೇಳಿದಾಗ ಕೆನಡಾ ಸೇರುವ ಕಡೆ ಶೇ 52.3ರಷ್ಟಾಯಿತು. ಮೊದಲ ಸುತ್ತಿನಲ್ಲಿ ಎರಡನೆಯದಾಗಿದ್ದ ಆಯ್ಕೆಯನ್ನೇ ಹೆಚ್ಚು ಜನ ಬಯಸಿದ್ದರು ಎಂಬುದು ಒಂದೇ ಸುತ್ತಿಗೆ ನಿಲ್ಲಿಸಿದ್ದರೆ ಹೊರಬರುತ್ತಲೇ ಇರಲಿಲ್ಲ.

ಓದಿಸಿ ನೋಡುವುದು

ಕರಡು ಸಿದ್ಧವಾದ ಮೇಲೆ ಅದನ್ನು ಸಮಿತಿಯ ಹೊರಗಿನವರಿಗೆ ಓದಿಸಬೇಕು, ಓದು ಬಾರದವರಿಗೆ ಓದಿ ಹೇಳಬೇಕು. “ಅರ್ಥವಾಯಿತೆ?” ಎಂದು ಮಾತ್ರ ಕೇಳಬೇಡಿ, ಆಯಿತು ಎಂದೇ ಎಲ್ಲರೂ ಹೇಳುತ್ತಾರೆ. “ಇದಕ್ಕೆ ಗುರುತು ಹಾಕಿದವರು ಗೆದ್ದರೆ ಏನಾಗುತ್ತದೆ, ನಿಮ್ಮ ಮಾತಿನಲ್ಲಿ ಹೇಳಿ” ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ, ನಂತರ ನೀವು ಮೊದಲೇ ಬರೆದಿಟ್ಟ ಠರಾವಿನ ಪಕ್ಕದಲ್ಲಿಟ್ಟು ನೋಡಿ. ಅವರ ಮಾತೂ ನಿಮ್ಮ ಠರಾವೂ ಹೊಂದದಿದ್ದರೆ ತಿದ್ದಬೇಕಾದದ್ದು ಪ್ರಶ್ನೆಯನ್ನು. ಅವರಿಗೆ ವಿವರಿಸಿ ಒಪ್ಪಿಸಿ ಬರುವುದರಿಂದ ಪ್ರಯೋಜನವಿಲ್ಲ, ಮತಗಟ್ಟೆಯ ಮರೆಯಲ್ಲಿ ವಿವರಿಸಲು ನೀವು ಇರುವುದಿಲ್ಲ.

ಯಾರಿಗೆ ಓದಿಸುತ್ತೀರಿ ಎಂಬುದು ಮುಖ್ಯ. ಎರಡು ಕಡೆಯ ಹಟವಾದಿಗಳಿಗೂ ಒಮ್ಮೆ ತೋರಿಸಿ, ಅವರು ವಾಲಿದ ಮಾತನ್ನು ಹುಡುಕುವುದರಲ್ಲಿ ನಮಗಿಂತ ಚುರುಕು. ತೋಟದ ಕೂಲಿಯವರ ಲೈನ್ ಮನೆಗಳಲ್ಲಿರುವವರಲ್ಲಿ ತಮಿಳು, ತುಳು ಮನೆಮಾತಿನವರು ಮತದಾರರ ಪಟ್ಟಿಯಲ್ಲಿದ್ದರೆ ಅವರನ್ನೂ ಬಿಡಬೇಡಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬರುವ ಹೊತ್ತು ಈ ಕೆಲಸಕ್ಕೆ ಅನುಕೂಲ: ಎಲ್ಲ ವಯಸ್ಸಿನವರೂ ಸಿಗುತ್ತಾರೆ, ಯಾರೂ ಯಾರ ಅಧೀನದಲ್ಲೂ ನಿಂತಿರುವುದಿಲ್ಲ.

ಅಚ್ಚಿಗೆ ಮುನ್ನ

ಗೆಲುವಿನ ಅಳತೆಯನ್ನು ಮೊದಲೇ ಬರೆದು ಪ್ರಕಟಿಸಬೇಕು. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೆಂದು ಮತ ಹಾಕಿದವರು ಚಲಾವಣೆಯಾದ ಮತಗಳಲ್ಲಿ ಶೇ 51.6ರಷ್ಟಿದ್ದರೂ, ಪಟ್ಟಿಯಲ್ಲಿದ್ದ ಒಟ್ಟು ಮತದಾರರಲ್ಲಿ ಅವರು ಶೇ 32.9 ಮಾತ್ರ ಆಗಿದ್ದರು. ಶೇ 40 ಇರಬೇಕೆಂಬ ನಿಯಮದಿಂದಾಗಿ ಅದು ಬಿದ್ದುಹೋಯಿತು. ಆ ನಿಯಮ ಕಾನೂನಿನಲ್ಲಿ ಮೊದಲೇ ಇದ್ದರೂ ಅಸಮಾಧಾನ ಬಹುಕಾಲ ಉಳಿಯಿತು. ಎಣಿಕೆಯ ದಿನ ಅಂಥ ನಿಯಮ ಹೊಸದಾಗಿ ಹುಟ್ಟಿಕೊಂಡರೆ ಊರಿನಲ್ಲಿ ಏನಾದೀತೆಂದು ಹೇಳಬೇಕಾಗಿಲ್ಲ. ಹಾಕಿದ ಮತಗಳಲ್ಲಿ ಹೆಚ್ಚಿನವೋ, ಪಟ್ಟಿಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚೋ, ಸಮಸಮ ಬಂದರೆ ಏನು ಎಂಬ ಮೂರನ್ನೂ ತಿಳಿವಳಿಕೆ ಪತ್ರದಲ್ಲಿ ಬರೆಯಿರಿ.

ಯಾವ ಗುರುತು ಸಿಂಧು, ಯಾವುದು ಕುಲಗೆಟ್ಟ ಮತ ಎಂಬುದನ್ನೂ ಆಗಲೇ ತೀರ್ಮಾನಿಸಬೇಕು. ಪೆನ್ನು ಕೊಟ್ಟರೆ ಒಬ್ಬರು ಸರಿ ಗುರುತು, ಇನ್ನೊಬ್ಬರು ಬೇಡದ್ದಕ್ಕೆ ಅಡ್ಡಗೆರೆ, ಮತ್ತೊಬ್ಬರು ತಮ್ಮ ಹೆಸರನ್ನೇ ಬರೆದು ಬರುತ್ತಾರೆ. ಆದ್ದರಿಂದ ಪಂಚಾಯಿತಿ ಚುನಾವಣೆಯಂತೆ ಒಂದೇ ರೀತಿಯ ಮುದ್ರೆಯನ್ನು ಕೊಟ್ಟು, ‘ನಿಮಗೆ ಸರಿಯೆನಿಸಿದ ಒಂದು ಉತ್ತರದ ಮುಂದಿನ ಚೌಕದಲ್ಲಿ ಮುದ್ರೆ ಒತ್ತಿ’ ಎಂಬ ಸೂಚನೆಯನ್ನು ಪ್ರಶ್ನೆಯ ಕೆಳಗಲ್ಲ, ಮೇಲೆಯೇ ಅಚ್ಚು ಹಾಕಿಸಿ. ಮುದ್ರೆ ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಬಿದ್ದರೆ ಏನೆಂಬ ತಕರಾರು ಬರದಂತೆ ಎರಡು ಚೌಕಗಳ ನಡುವೆ ಎರಡು ಬೆರಳಿನ ಜಾಗ ಬಿಡಿಸಿ. ಶಾಯಿ ಆರುವ ಮೊದಲೇ ಮಡಿಸಿದರೆ ಎದುರು ಚೌಕಕ್ಕೆ ಅದರ ಅಚ್ಚು ತಗಲುವುದರಿಂದ, ಚೀಟಿಯನ್ನು ಉದ್ದಕ್ಕೆ ಮಡಿಸಬೇಕೆಂದು ಮತಗಟ್ಟೆಯಲ್ಲಿ ಹೇಳುವವರೊಬ್ಬರು ಇರಲಿ.

ಅಚ್ಚಾದ ಚೀಟಿಯ ಮೇಲೆ ‘ಮಾದರಿ’ ಎಂದು ದಪ್ಪಕ್ಷರದಲ್ಲಿ ಬರೆದು ಡೈರಿಯ ಗೋಡೆಗೆ, ಪಂಚಾಯಿತಿ ಫಲಕಕ್ಕೆ, ನ್ಯಾಯಬೆಲೆ ಅಂಗಡಿಗೆ ಕನಿಷ್ಠ ಒಂದು ವಾರ ಮೊದಲು ಅಂಟಿಸಿ, ಅದರ ಕೆಳಗೆ ನೀವು ಬರೆದಿಟ್ಟ ಎರಡು ಠರಾವುಗಳನ್ನೂ ಅಂಟಿಸಿ. ಆ ನಂತರ ಒಂದು ಅಕ್ಷರ ಬದಲಾದರೂ ಹಳೆಯ ಚೀಟಿಗಳನ್ನೆಲ್ಲ ಎರಡೂ ಕಡೆಯವರ ಎದುರು ಸುಟ್ಟು, ಮತದಾನದ ದಿನವನ್ನು ಮುಂದೂಡಿ, ಹೊಸ ಮಾದರಿಯನ್ನು ಮತ್ತೆ ಒಂದು ವಾರ ಅಂಟಿಸಬೇಕು.